ಮಗಳ ಮುಖಕ್ಕೆ ಹೊಂದುವ ಬಣ್ಣ

ಬಣ್ಣದ ಅಂಗಡಿ ಇಟ್ಟವನ ಹಣೆಬರಹವೇ ಹೀಗೆ. ಡಬ್ಬಿಯಲ್ಲಿ ಒಂದು ಬಣ್ಣ ಇರುತ್ತದೆ, ಗೋಡೆಗೆ ಹೋದ ಮೇಲೆ ಇನ್ನೊಂದು ಆಗುತ್ತದೆ, ಬೈಗುಳ ಮಾತ್ರ ದಾರಿ ತಪ್ಪದೆ ನನ್ನ ಹತ್ತಿರ ಬರುತ್ತದೆ. ಧಾರವಾಡ ಬಿಟ್ಟು ಗೋವಾದ ಸಾವರ್ಡೆಯಲ್ಲಿ ಅಂಗಡಿ ಹಾಕಿದಂದಿನಿಂದ ಇಂಥ ಪ್ರಸಂಗಗಳಿಗೆ ನನಗೆ ಬರವಿಲ್ಲ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ, ದೀಪಾವಳಿ ಮುಗಿದು ಡಿಸೆಂಬರ್ ಬರುವಷ್ಟರಲ್ಲಿ, ಅವು ಒಂದರ ಹಿಂದೆ ಒಂದು ಸಾಲುಗಟ್ಟಿ ಬಂದವು. ಈ ಸಲ ಕಾರಣ ಯಾರ ಮನೆಯ ಗೋಡೆಯೂ ಅಲ್ಲ, ನನ್ನ ಮಗಳ ಮುಖ.

ಮಗಳಿಗೆ ಆಗ ಹದಿಮೂರು, ಎಂಟನೇ ಇಯತ್ತೆ. ಹುಟ್ಟಿದ್ದೇ ಸಾವರ್ಡೆಯಲ್ಲಿ, ಹೀಗಾಗಿ ಕೊಂಕಣಿ ಅವಳ ಬಾಯಲ್ಲಿ ನೀರಿನ ಹಾಗೆ ಹರಿಯುತ್ತಿತ್ತು. ಅದನ್ನು ಕೇಳಿಯೇ ಶಾಲೆಯವರು ಡಿಸೆಂಬರಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಇವಳನ್ನೇ ನಿರೂಪಕಿ ಮಾಡಿದರು. ಸಂಜೆಯಿಡೀ ಸ್ಟೇಜಿನ ಮೇಲೆ ಇರಬೇಕು, ಪ್ರತಿ ಕಾರ್ಯಕ್ರಮಕ್ಕೂ ಮೊದಲು ಮೈಕಿನ ಮುಂದೆ ಮಾತಾಡಬೇಕು. ದೊಡ್ಡ ಲೈಟು ಬೀಳುತ್ತದೆ, ಮುಖ ಎಣ್ಣೆ ಸುರಿದ ಹಾಗೆ ಕಾಣುತ್ತದೆ, ಆದ್ದರಿಂದ ಪೌಡರು ಮತ್ತು ತುಟಿಯ ಬಣ್ಣ ಅವರವರೇ ತರಬೇಕು ಎಂದು ಟೀಚರು ಹೇಳಿ ಕಳಿಸಿದರು.

ಇಲ್ಲೊಂದು ಹಳೆಯ ಗಾಯ ಇತ್ತು. ಆಗಸ್ಟ್ ಹದಿನೈದಕ್ಕೆ ಹಾಡಲು ನಿಂತಾಗ ಒಬ್ಬ ಟೀಚರು ಪ್ರೀತಿಯಿಂದಲೇ ತಮ್ಮ ಪೌಡರನ್ನು ಇವಳ ಮುಖಕ್ಕೆ ಹಚ್ಚಿದ್ದರು. ಪೌಡರು ಟೀಚರ ಬಣ್ಣದ್ದು, ಮಗಳು ನನ್ನ ಬಣ್ಣದವಳು. ನನ್ನ ಬಣ್ಣ ಕಪ್ಪು, ಅದನ್ನು ಸುತ್ತು ಬಳಸಿ ಹೇಳುವಂಥದ್ದೇನೂ ಇಲ್ಲ. ಹುಡುಗರೆಲ್ಲ ಬೂದಿಯಲ್ಲಿ ಹೊರಳಿದ ಬೆಕ್ಕು ಎಂದು ನಕ್ಕರಂತೆ. ಅವತ್ತು ಮನೆಗೆ ಬಂದವಳು ಸೋಪು ಹಚ್ಚಿ ಮೂರು ಸಲ ಮುಖ ತೊಳೆದಿದ್ದಳು.

ಈಗ ನನ್ನ ಮುಂದೆ ಬಂದು ನಿಂತು ನೆಟ್ಟಗೆ ಹೇಳಿದಳು. “ಅಪ್ಪಾ, ನನ್ನ ಮಾರಿಗೆ ಹೊಂದೂ ಬಣ್ಣ ಸಿಕ್ರ ಸ್ಟೇಜ್ ಹತ್ತತೀನಿ. ಸಿಗಲಿಲ್ಲಾಂದ್ರ ಬ್ಯಾರೆಯಾರಿಗರೆ ಕೊಡ್ರಿ ಅಂತ ಟೀಚರಿಗೆ ಹೇಳಿ ಬಿಡ್ತೀನಿ.”

ನನ್ನ ಹೆಂಡತಿ ಆಗ ತಂಗಿಯ ಬಾಣಂತನಕ್ಕೆಂದು ಧಾರವಾಡಕ್ಕೆ ಹೋಗಿದ್ದಳು. ಮನೆಯಲ್ಲಿ ಇದ್ದವರು ನಾನು, ಮಗಳು ಮತ್ತು ನನ್ನ ಅವ್ವ. ನಾನು ಎದೆ ಸೆಟೆಸಿ ಹೇಳಿದೆ. “ಇಡೀ ಸಾವರ್ಡೆಗೆ ಬಣ್ಣಾ ಕೊಟ್ಟಾಂವ ನಾನು. ನಿನ್ನ ಒಂದು ಮಾರಿಗೆ ಕೊಡಾಕ ಆಗೂದಿಲ್ಲೇನು?”

ಮಗಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಹೋದಳು. ಆಗಲೇ ನಾನು ಹುಷಾರಾಗಬೇಕಿತ್ತು.

೧. ಶೇಡ್ ಕಾರ್ಡ್

ಭಾನುವಾರ ಇಬ್ಬರೂ ಬಸ್ಸು ಹತ್ತಿ ಮಡಗಾಂವಿಗೆ ಹೋದೆವು. ಮಾರ್ಕೆಟ್ಟಿನಲ್ಲಿ ಒಂದು ದೊಡ್ಡ ಫ್ಯಾನ್ಸಿ ಸ್ಟೋರು. ಕೌಂಟರಿನ ಹಿಂದೆ ನಿಂತ ಹೆಂಗಸು “ಕಿತೆಂ ಜಾಯ್?” ಅಂದಳು, ಏನು ಬೇಕು ಎಂದು.

“ಮೊದಲು ಶೇಡ್ ಕಾರ್ಡ್ ತೋರಿಸಿ,” ಅಂದೆ.

ಅಂಥದ್ದು ತಮ್ಮಲ್ಲಿ ಇಲ್ಲ ಅಂದಳು. ಎಲ್ಲ ಬಣ್ಣದ ಮಾದರಿ ಇರುವ ಶೇಡ್ ಕಾರ್ಡ್ ಇಲ್ಲದೆ ಬಣ್ಣ ಮಾರುವವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಇರಲಿ ಎಂದು ಒಂದು ಪೌಡರಿನ ಡಬ್ಬಿ ಕೈಗೆತ್ತಿಕೊಂಡು ವ್ಯಾಪಾರಕ್ಕೆ ತಕ್ಕ ಪ್ರಶ್ನೆಗಳನ್ನು ಕೇಳಿದೆ. ಇದು ನೀರಿನದೋ ಎಣ್ಣೆಯದೋ? ಒಣಗಲು ಎಷ್ಟು ಹೊತ್ತು? ಒಂದು ಕೋಟು ಸಾಕೋ, ಎರಡು ಬೇಕೋ? ಹಳೆಯದರ ಮೇಲೆಯೇ ಹಚ್ಚಬಹುದೋ, ಕೆರೆದು ತೆಗೆಯಬೇಕೋ?

ಆ ಹೆಂಗಸು ನನ್ನನ್ನು ಬಿಟ್ಟು ಮಗಳನ್ನು ನೋಡಿದಳು. ಮಗಳು ಆಗಲೇ ಅಂಗಡಿಯ ಬಾಗಿಲಿಗೆ ಹೋಗಿ, ಹೊರಗೆ ನಿಂತ ಬೇರೊಂದು ಕುಟುಂಬದ ಜೊತೆ ಬಂದವಳ ಹಾಗೆ ನಿಂತಿದ್ದಳು.

ಕೊನೆಗೆ ಆ ಹೆಂಗಸು, ಮುಖಕ್ಕೆ ಮೊದಲು ಕ್ರೀಮು, ಅದರ ಮೇಲೆ ಪೌಡರು ಎಂದು ತಿಳಿಸಿ ಹೇಳಿದಳು. ನನಗೆ ಹೋದ ಜೀವ ಬಂದ ಹಾಗಾಯಿತು. “ಪ್ರೈಮರ್!” ಎಂದು ಕೂಗಿದೆ, ಗೋಡೆಗೆ ಬಣ್ಣಕ್ಕಿಂತ ಮೊದಲು ಬಳಿಯುವುದೂ ಅದೇ ತಾನೇ. ಬಾಗಿಲಲ್ಲಿದ್ದ ಮಗಳು ಇನ್ನೂ ನಾಲ್ಕು ಹೆಜ್ಜೆ ದೂರ ಸರಿದಳು.

ತುಟಿಯ ಬಣ್ಣ ಮಾತ್ರ ನೋಡದೆ ಒಯ್ಯುವವನಲ್ಲ ನಾನು. ಗೋಡೆಯ ಮೂಲೆಯಲ್ಲಿ ಪಟ್ಟಿ ಎಳೆದು ನೋಡುವ ಹಾಗೆ, ಅಂಗಿಯ ತೋಳು ಮಡಚಿ ಮುಂಗೈಯಿಂದ ಮೊಣಕೈತನಕ ಏಳು ಲಿಪ್‌ಸ್ಟಿಕ್ಕಿನ ಏಳು ಪಟ್ಟಿ ಎಳೆದೆ. ಮಗಳನ್ನು ಹಿಡಿದು ತಂದು ಹಗಲು ಬೆಳಕಿನಲ್ಲಿ ತೋರಿಸಿದೆ. ಅವಳು ಕಣ್ಣು ಅರ್ಧ ಮುಚ್ಚಿಕೊಂಡೇ ಒಂದಕ್ಕೆ ಬೆರಳು ಮಾಡಿದಳು. ಅದನ್ನೂ, ಕ್ರೀಮು ಮತ್ತು ಪೌಡರನ್ನೂ ಕಟ್ಟಿಸಿಕೊಂಡು ತಿರುಗಿ ಬಂದೆವು.

ಪಟ್ಟಿ ಒರೆಸಿಕೊಳ್ಳುವುದು ಮರೆತೇಹೋಗಿತ್ತು. ಮಡಗಾಂವಿನಿಂದ ನೇರವಾಗಿ ಅಂಗಡಿಗೆ ಬಂದು ಕೂತೆ. ಒಬ್ಬ ಹಳೇ ಗಿರಾಕಿ ಬಂದ, ನಮ್ಮ ಕಡೆಯವನೇ, ಹೊಸ ಮನೆ ಕಟ್ಟಿಸುತ್ತಿದ್ದ. ನನ್ನ ಕೈಯನ್ನು ತುಸು ಹೊತ್ತು ತಲೆ ಓರೆ ಮಾಡಿ ನೋಡಿದ. ಮಾನ ಹೋಯಿತು ಎಂದುಕೊಂಡು ನಾನು ತೋಳು ಇಳಿಸಲು ಹೋದೆ.

“ತಡೀರಿ, ತಡೀರಿ,” ಅಂದ. “ಮ್ಯಾಲಿಂದ ಮೂರನೇದ್ದು ಭಾಳ ಚಲೋ ಐತ್ರಿ. ಕಿಟಕಿ ಗ್ರಿಲ್ಲಿಗೆ ಎರಡು ಲೀಟರ್ ಕೊಡ್ರಿ.”

೨. ಪ್ರೈಮರ್ ಹಚ್ಚಿದ ಫಲ

ಯಾವ ಬಣ್ಣವನ್ನೂ ಟ್ರಯಲ್ ನೋಡದೆ ದೊಡ್ಡ ಕೆಲಸಕ್ಕೆ ಇಳಿಸಬಾರದು. ಶನಿವಾರ ಅರ್ಧ ದಿನದ ಶಾಲೆ. ಮಗಳ ಮುಖಕ್ಕೆ ಕ್ರೀಮು ಮಾತ್ರ ಹಚ್ಚಿ, “ಇವತ್ತು ಇಷ್ಟ ಇರಲಿ, ಮಧ್ಯಾಹ್ನದತನಕ ತಡೀತೈತೋ ಇಲ್ಲೋ ನೋಡೂಣು,” ಎಂದು ಕಳಿಸಿದೆ.

ಆ ಕಾಲದ ಸಾವರ್ಡೆಯ ರಸ್ತೆ ಹೇಗಿತ್ತು ಎಂದರೆ, ಗಣಿಯಿಂದ ಅದಿರು ತುಂಬಿಕೊಂಡ ಟ್ರಕ್ಕುಗಳು ಬಾಲಕ್ಕೆ ಮೂಗು ಹಚ್ಚಿಕೊಂಡು ಬೆಳಗಿನಿಂದ ಸಂಜೆತನಕ ಹೋಗುತ್ತಿದ್ದವು. ಮರ, ಮನೆ, ಎಮ್ಮೆ, ಒಣಹಾಕಿದ ಧೋತರ, ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ನನ್ನ ಅಂಗಡಿಯ ಬಿಳಿ ಡಿಸ್ಟೆಂಪರಿಗೆ ಅಷ್ಟು ಗಿರಾಕಿ ಇದ್ದದ್ದೇ ಈ ಧೂಳಿನ ದಯೆಯಿಂದ. ಇಷ್ಟೆಲ್ಲ ಗೊತ್ತಿದ್ದವನಿಗೆ, ಹಸಿ ಪ್ರೈಮರಿನ ಮೇಲೆ ಧೂಳು ಕೂಡುತ್ತದೆ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಮಗಳು ಶಾಲೆ ಮುಟ್ಟುವಷ್ಟರಲ್ಲಿ ಎರಡೂ ಗಲ್ಲ ಕೆಂಪಗೆ ಹೊಳೆಯುತ್ತಿದ್ದವಂತೆ. ಕ್ಲಾಸ್ ಟೀಚರು ಡೈರಿಯಲ್ಲಿ ಬರೆದು ಕಳಿಸಿದರು. ವಿದ್ಯಾರ್ಥಿನಿಯರು ಗಲ್ಲಕ್ಕೆ ಕೆಂಪು ಹಚ್ಚಿಕೊಂಡು ಶಾಲೆಗೆ ಬರತಕ್ಕದ್ದಲ್ಲ, ಪಾಲಕರು ಬಂದು ಭೇಟಿಯಾಗತಕ್ಕದ್ದು.

“ಆಗಸ್ಟನ್ಯಾಗ ಬೂದಿ, ಈಗ ಇಟ್ಟಂಗಿ,” ಅಂದಳು ಮಗಳು. ಕಣ್ಣಲ್ಲಿ ನೀರು ನಿಂತಿತ್ತು. “ಅಪ್ಪಾ, ಬಿಟ್ಟಬಿಡೂಣು.”

“ಬಿಡೂದಾ? ನಿಂದೇನೂ ತಪ್ಪಿಲ್ಲ ಅಂತ ತೋರಿಸೇ ಬರ್ತೀನಿ,” ಅಂದೆ. ನನ್ನ ಮಾಲಿನ ಮೇಲೆ ತಕರಾರು ಬಂದರೆ ನಾನು ಬಾಯಿಮಾತಿನ ಸಮಜಾಯಿಷಿ ಕೊಡುವವನಲ್ಲ, ಹಚ್ಚಿ ತೋರಿಸುತ್ತೇನೆ.

ಸೋಮವಾರ ಬೆಳಿಗ್ಗೆ ಅದೇ ಕ್ರೀಮನ್ನು ನನ್ನ ಮುಖಕ್ಕೆ ಹಚ್ಚಿಕೊಂಡು, ಅದೇ ರಸ್ತೆಯಲ್ಲಿ, ಟ್ರಕ್ಕುಗಳ ಮಗ್ಗುಲಲ್ಲಿ ನಡೆದು ಶಾಲೆಗೆ ಹೋದೆ. ದಾರಿಯಲ್ಲಿ ಪರಿಚಯದ ಇಬ್ಬರು ಎದುರಿಗೆ ಬಂದರು, ನನ್ನನ್ನು ನೋಡಿ ರಸ್ತೆ ದಾಟಿ ಆಚೆ ಕಡೆ ಹೋದರು. ಹೆಡ್‌ಮಿಸ್ಟ್ರೆಸ್ ವಯಸ್ಸಾದ ಸಿಸ್ಟರು, ದಪ್ಪ ಕನ್ನಡಕ. ಅವರ ಟೇಬಲ್ಲಿನ ಮುಂದೆ ನೆಟ್ಟಗೆ ನಿಂತು, ಬರೀ ಕ್ರೀಮು, ಉಳಿದದ್ದು ರಸ್ತೆಯದು ಎಂದು ನನ್ನ ಹರಕು ಕೊಂಕಣಿಯಲ್ಲಿ ವಿವರಿಸಿದೆ. ಆಮೇಲೆ ಮುಖ ಮುಂದೆ ಚಾಚಿ ಕೇಳಿದೆ. “ಸಿಸ್ಟರ್, ನೀವೇ ನೋಡಿ ಹೇಳಿ. ನಾನು ಗಲ್ಲಕ್ಕೆ ಕೆಂಪು ಹಚ್ಚಿಕೊಂಡು ಬಂದ ಹಾಗೆ ಕಾಣಿಸುತ್ತೇನೆಯೇ?”

ಸಿಸ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ಸಾವಕಾಶವಾಗಿ ನೋಡಿದರು. ಡೈರಿಯ ಆ ಪುಟದ ಮೇಲೆ ಅಡ್ಡ ಗೀಟು ಎಳೆದು ನನ್ನ ಕೈಗೆ ಕೊಟ್ಟರು.

“ಕಾಣಿಸುತ್ತೀರಿ,” ಅಂದರು. “ಆದರೆ ನಿಮಗೆ ಒಪ್ಪುತ್ತದೆ.”

೩. ದೇವರ ಪಾಲು

ಲಿಪ್‌ಸ್ಟಿಕ್ಕಿಗೆ ನನ್ನ ಅವ್ವನ ವಿರೋಧ ಮೊದಲ ದಿನದಿಂದಲೂ ಇತ್ತು. ಅವಳ ತಕರಾರು ನಡತೆಯ ಬಗ್ಗೆ ಅಲ್ಲ, ಊಟದ ಬಗ್ಗೆ. “ತುಟಿಗೆ ಬಣ್ಣಾ ಬಡಕೊಂಡ ಮ್ಯಾಲ ಜ್ವಾಳದ ರೊಟ್ಟಿ ತಿನ್ನೂದು ಹ್ಯಾಂಗ? ಎಲ್ಲಾ ಹೊಟ್ಟಿಗೇ ಹೊಕ್ಕೈತಿ,” ಎನ್ನುತ್ತಿದ್ದಳು.

ಮಗಳು ಅಜ್ಜಿಯ ಬೆನ್ನು ಬಿಡಲಿಲ್ಲ. ತಲೆಗೆ ಎಣ್ಣೆ ತಿಕ್ಕಿದಳು, ಕಾಲು ಒತ್ತಿದಳು, ಒಂದೇ ದಿನದ ಮಾತು, ಅವತ್ತು ರೊಟ್ಟಿ ತಿನ್ನುವುದೇ ಇಲ್ಲ ಎಂದು ಆಣೆ ಮಾಡಿದಳು. ನಾಲ್ಕನೇ ದಿನ ಅವ್ವ ಸೋತಳು. ಆದರೆ ಒಂದು ಕರಾರು ಹಾಕಿದಳು. ಮನೆಗೆ ಹೊಸದು ಏನೇ ಬರಲಿ, ಮೊದಲು ಅದಕ್ಕೆ ಅರಿಷಿಣ ಕುಂಕುಮ ಆಗಬೇಕು. ದಸರೆಗೆ ನನ್ನ ಅಂಗಡಿಯ ಡಬ್ಬಿ, ಬ್ರಷ್ಷು, ತಕ್ಕಡಿ, ಏಣಿ ಎಲ್ಲಕ್ಕೂ ಅವಳೇ ಹಚ್ಚುವುದು. ಲಿಪ್‌ಸ್ಟಿಕ್ಕಿಗೆ ಬೇರೆ ಕಾನೂನು ಇರಲು ಸಾಧ್ಯವಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಜಳಕಕ್ಕೆ ಹೋದಾಗ ಅವ್ವ ಲಿಪ್‌ಸ್ಟಿಕ್ಕಿನ ಮುಚ್ಚಳ ತೆಗೆದು, ಬುಡ ತಿರುಗಿಸಿ, ಬಣ್ಣ ಪೂರ್ತಿ ಮೇಲೆ ಬರುವ ಹಾಗೆ ಮಾಡಿ, ದೇವರ ಮುಂದೆ ತಾಟಿನಲ್ಲಿ ನಿಲ್ಲಿಸಿದಳು. ತುದಿಗೆ ಅರಿಷಿಣ, ಅದರ ಮೇಲೆ ಕುಂಕುಮ, ಅಂಟಿಸಿದ ನಾಲ್ಕು ಅಕ್ಷತೆ ಕಾಳು. ದೇವರಿಗೆ ಚೆನ್ನಾಗಿ ಕಾಣಲಿ ಎಂದು ಸಮೆಯನ್ನು, ಅಂದರೆ ನಿಂತ ದೀಪವನ್ನು, ಅದರ ಮಗ್ಗುಲಿಗೇ ಸರಿಸಿದಳು. ಆಮೇಲೆ ಕಣ್ಣು ಮುಚ್ಚಿ ಆರತಿಯ ಹಾಡು ಶುರು ಮಾಡಿದಳು. ಅವಳ ಹಾಡಿಗೆ ಹದಿನೆಂಟು ನುಡಿ.

ಮಗಳು ಜಳಕ ಮುಗಿಸಿ ಬಂದು ಚೀರಿದಳು. ಲಿಪ್‌ಸ್ಟಿಕ್ಕು ತಾಟಿನಲ್ಲಿ ಸಾಷ್ಟಾಂಗ ಮಲಗಿತ್ತು.

“ದೇವರು ಒಪ್ಪಿಸಿಕೊಂಡಾನವಾ,” ಅಂದಳು ಅವ್ವ. ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗ್ಯಾದರಿಂಗಿಗೆ ಹದಿನೈದು ದಿನ ಉಳಿದಿತ್ತು. ಇದ್ದ ಒಂದು ಲಿಪ್‌ಸ್ಟಿಕ್ಕೂ ಹೋಗಿತ್ತು. ಕರಗಿದ್ದನ್ನು ಚೆಲ್ಲುವ ಜಾತಿಯಲ್ಲ ನಮ್ಮ ಅವ್ವ. ಅದನ್ನು ಬಳಿದು ಕುಂಕುಮದ ಬಟ್ಟಲಿಗೆ ತುಂಬಿಕೊಂಡಳು.

ಮೂರು ದಿನ ಬಿಟ್ಟು, ಅಂಗಡಿಗೆ ಹೊರಟ ನನ್ನನ್ನು ದೇವರ ಮನೆಗೆ ಕರೆದಳು. ಗೋಡೆಯ ಮೇಲಿನ ಒಂಬತ್ತೂ ದೇವರ ಫೋಟೋಗಳ ಗಾಜಿನ ಮೇಲೆ ಕೆಂಪು ಬೊಟ್ಟು ಮಿರಮಿರ ಮಿಂಚುತ್ತಿದ್ದವು.

“ತಮ್ಮಾ, ಇಲ್ಲಿ ನೋಡು,” ಅಂದಳು ಪಿಸುಮಾತಿನಲ್ಲಿ. “ಈ ಗೋವಾದ ಹಸೀ ಹವಾಕ್ಕ ಗಾಜಿನ ಮ್ಯಾಲಿನ ಕುಂಕುಮ ಸಂಜೀತನಾ ಉಳೀತಿದ್ದಿಲ್ಲ. ಇದು ಮೂರ ದಿವಸ ಆತು, ಅಳಗ್ಯಾಡಿಲ್ಲ. ಮಡಗಾಂವಿಗೆ ಹೋದಾಗ ನನಗೂ ಒಂದು ತಾ. ತುಸು ದಟ್ಟ ಇರಲಿ, ನಮ್ಮ ಲಕ್ಷ್ಮೀಗೆ ಈ ಬಣ್ಣ ಸಪ್ಪಗ ಕಾಣಸ್ತೈತಿ.”

೪. ಇನ್‌ಲ್ಯಾಂಡ್ ಪತ್ರ

ಎರಡನೇ ಲಿಪ್‌ಸ್ಟಿಕ್ಕು ಆರಿಸುವಾಗ ಹೆಂಡತಿಯ ಅಭಿಪ್ರಾಯ ತೆಗೆದುಕೊಂಡುಬಿಡೋಣ ಅನ್ನಿಸಿತು. ಧಾರವಾಡದ ಮಾವನ ಮನೆಯಲ್ಲಿ ಫೋನು ಇರಲಿಲ್ಲ. ಇದ್ದರೂ ಬಣ್ಣವನ್ನು ಫೋನಿನಲ್ಲಿ ಹೇಗೆ ತೋರಿಸುವುದು? ಮಡಗಾಂವಿನ ಅದೇ ಅಂಗಡಿಗೆ ಒಬ್ಬನೇ ಹೋದೆ. ಈ ಸಲ ಕೈ ಚಾಚಲಿಲ್ಲ, ಇನ್‌ಲ್ಯಾಂಡ್ ಪತ್ರ ಬಿಡಿಸಿ ಕೌಂಟರಿನ ಮೇಲೆ ಇಟ್ಟೆ. ಆರು ಬಣ್ಣದ ಆರು ಗುರುತು ಒತ್ತಿ, ಪಕ್ಕಕ್ಕೆ ಒಂದರಿಂದ ಆರು ನಂಬರು ಹಾಕಿದೆ. ಉಳಿದ ಜಾಗದಲ್ಲಿ ಹೀಗೆ ಬರೆದೆ. “ನೀನಿಲ್ಲದೆ ನನಗೆ ಏನೂ ತಿಳಿಯದಾಗಿದೆ. ಇವುಗಳಲ್ಲಿ ನಿನಗೆ ಯಾವುದು ಇಷ್ಟ, ಬೇಗ ಬರೆ. ದಿನ ಕಡಿಮೆ ಇವೆ. ಮಗಳ ಮುಖಕ್ಕೆ ಹಚ್ಚುವುದಕ್ಕೆ ಬೇಕು.” ಮೂರು ಮಡಿಕೆ ಮಡಚಿ, ಅಂಟು ಹಚ್ಚಿ, ಪೋಸ್ಟಿನ ಡಬ್ಬಿಗೆ ಹಾಕಿದೆ.

ಮಡಚಿದರೆ ಏನಾಗುತ್ತದೆ ಎಂದು ಬಣ್ಣದ ವ್ಯಾಪಾರಿ ಯೋಚಿಸಬೇಕಿತ್ತು. ಆರು ಗುರುತುಗಳು ಆಚೆ ಮಗ್ಗುಲಿಗೆ ಇನ್ನೊಂದಿಷ್ಟು ಗುರುತು ಒತ್ತಿದವು, ಎಣ್ಣೆ ಹರಡಿ ಕೆಳಗಿನ ಸಾಲುಗಳನ್ನು ನುಂಗಿತು. ಪತ್ರ ಮೊದಲು ಸಿಕ್ಕಿದ್ದು ನನ್ನ ಮಾವನಿಗೆ. ಮನೆಗೆ ಬಂದ ಪತ್ರವನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಬಾಣಂತಿಯನ್ನು ನೋಡಲು ಬಂದ ಓಣಿಯ ಹೆಂಗಸರೆಲ್ಲ ಕೂತಿದ್ದರಂತೆ. ಕಾಗದದ ತುಂಬ ಕೆಂಪು ಕೆಂಪು ತುಟಿಯ ಬಣ್ಣ, ಮೇಲೆ “ನೀನಿಲ್ಲದೆ ನನಗೆ ಏನೂ ತಿಳಿಯದಾಗಿದೆ, ಬೇಗ, ದಿನ ಕಡಿಮೆ ಇವೆ” ಎಂಬಷ್ಟು ಮಾತ್ರ ಅಕ್ಷರ.

ಎಂಟು ದಿನಕ್ಕೆ ಉತ್ತರ ಬಂತು. ಕೆಳಗೆ ಹೆಂಡತಿಯ ನಾಲ್ಕು ಸಾಲು ಇದ್ದವು. “ಅಳಿಸಿಹೋದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಿದೆ, ನೀವು ಏನು ಕೇಳಿದ್ದೀರಿ ಎಂದು ನನಗೆ ತಿಳಿಯಿತು, ಮನೆಯವರಿಗೆ ತಿಳಿದಿಲ್ಲ, ನಾನು ತಲೆ ಎತ್ತಿ ಓಡಾಡುವ ಹಾಗಿಲ್ಲ. ಹುಡುಗಿಯ ಮುಖಕ್ಕೆ ಏನೂ ಹಚ್ಚಬೇಡಿ. ದೇವರು ಕೊಟ್ಟ ಮುಖ ಚೆನ್ನಾಗಿದೆ. ಈ ಒಂದು ಮಾತಾದರೂ ಕೇಳಿ.”

ಅದರ ಮೇಲೆ, ಮಾವನ ದಪ್ಪ ಅಕ್ಷರದಲ್ಲಿ ಇಷ್ಟೇ ಇತ್ತು. “ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು. ನಿಮ್ಮ ಸಂಕಟ ಅರ್ಥವಾಯಿತು. ಶನಿವಾರದ ಬಸ್ಸಿಗೆ ಮಗಳನ್ನು ಕಳಿಸಿಕೊಡುತ್ತೇವೆ. ಅಲ್ಲಿಯವರೆಗೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.”

೫. ಹನ್ನೊಂದನೇ ಕಲಸು

ಆ ಶನಿವಾರವೇ ಗ್ಯಾದರಿಂಗು. ಉತ್ತರಕ್ಕೆ ಕಾಯದೆ ಮಗಳು ಸಾವರ್ಡೆಯ ಬಳೆ ಅಂಗಡಿಯಲ್ಲೇ ಒಂದು ಲಿಪ್‌ಸ್ಟಿಕ್ಕನ್ನು ತಾನೇ ಆರಿಸಿ ತಂದಿದ್ದಳು, ನಸು ಕಂದು ಬಣ್ಣದ್ದು. ಹೆಂಡತಿಯ ಪತ್ರವನ್ನು ಅವಳಿಗೂ ಓದಿ ಹೇಳಿದೆ. “ಅವ್ವ ನನ್ನ ದಿನಾ ನೋಡತಾಳ, ಅದಕ್ಕ ಹಂಗಂತಾಳ,” ಅಂದಳು. “ಆ ಹುಡುಗೂರು ಹಂಗನ್ನಂಗಿಲ್ಲ.” ಉಳಿದದ್ದು ಪೌಡರು. ಮಡಗಾಂವಿನಿಂದ ತಂದದ್ದನ್ನು ಕನ್ನಡಿಯ ಮುಂದೆ ಹಚ್ಚಿ ನೋಡಿದರೆ, ಮುಖ ಒಂದು ಮನೆಯದು, ಕುತ್ತಿಗೆ ಪಕ್ಕದ ಮನೆಯದು. ಮಗಳು ಒರೆಸಿಕೊಂಡು, ಸ್ಟೇಜಿನ ಮೇಲೆ ಹೇಳಬೇಕಾದ ಮಾತುಗಳನ್ನು ಬರೆದುಕೊಂಡಿದ್ದ ವಹಿಯನ್ನು ಪಾಟೀಚೀಲದಿಂದ ತೆಗೆದು ಕಪಾಟಿನ ಮೇಲೆ ಇಟ್ಟಳು. ಅದನ್ನು ನೋಡಿದವನೇ ನಾನು ಚಪ್ಪಲಿ ಮೆಟ್ಟಿದೆ.

ಮೂರನೇ ಸಲ ಮಡಗಾಂವಿಗೆ ಹೋದೆ. ಇದಕ್ಕಿಂತ ಕಪ್ಪು ಬಣ್ಣದ ಪೌಡರು ಕೊಡಿ ಅಂದೆ. ಕೌಂಟರಿನ ಹೆಂಗಸು, ಪಾಪ, ಕೆಟ್ಟ ಮನಸ್ಸಿನವಳಲ್ಲ, ನಿಜವಾಗಿಯೇ ಅಚ್ಚರಿಪಟ್ಟು ಕೇಳಿದಳು. “ಕಪ್ಪಗಿದ್ದವರು ಬೆಳ್ಳಗೆ ಕಾಣಲಿ ಎಂದಲ್ಲವೇ ಪೌಡರು ಹಚ್ಚುವುದು? ಕಪ್ಪು ಪೌಡರು ಯಾರು ಕೊಳ್ಳುತ್ತಾರೆ?”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಗಿರಾಕಿ ಬಂದು ಕಂದು ಬಣ್ಣ ಕೇಳಿದರೆ, ನಮ್ಮಲ್ಲಿ ಬಿಳಿಯದು ಮಾತ್ರ ಇದೆ, ನಿಮ್ಮ ಬಾಗಿಲನ್ನೇ ಬೆಳ್ಳಗೆ ಮಾಡಿಕೊಳ್ಳಿ ಎಂದು ನಾನು ಹೇಳಿದ್ದರೆ ಸಾವರ್ಡೆಯ ಜನ ನನ್ನನ್ನು ಘಟ್ಟ ಹತ್ತಿಸಿ ವಾಪಸ್ ಕಳಿಸುತ್ತಿದ್ದರು. ಇಲ್ಲಿ ಹದಿಮೂರು ವರ್ಷದ ಹುಡುಗಿಗೆ ನಿನ್ನ ಬಣ್ಣ ನಮ್ಮಲ್ಲಿ ಇಲ್ಲ ಎಂದು ಹೇಳಿ ಕಳಿಸುವುದು ಸಹಜ ವ್ಯಾಪಾರವಂತೆ. ಸಿಗದಿದ್ದರೆ ಬೇಡ, ನಾನೇ ಕಲಸುತ್ತೇನೆ ಎಂದು ನಿಶ್ಚಯಿಸಿಕೊಂಡೇ ಬಸ್ಸು ಹತ್ತಿದೆ. ಡಬ್ಬಿಯಲ್ಲಿ ಇಲ್ಲದ ಬಣ್ಣವನ್ನು ಕಲಸಿ ಕೊಡುವುದೇ ನನ್ನ ಹೊಟ್ಟೆಪಾಡು.

ಅಂಗಡಿಯ ಸಾಮಾನನ್ನು ಮಗಳ ಮುಖಕ್ಕೆ ಮುಟ್ಟಿಸುವಷ್ಟು ಹುಚ್ಚ ನಾನಲ್ಲ. ಮಗ್ಗುಲ ಅಂಗಡಿಯಲ್ಲಿ ಒಬ್ಬ ಕ್ರಿಶ್ಚನ್ ಹೆಂಗಸು, ಎಲ್ಲರೂ ಬಾಯಿ ಎಂದೇ ಕರೆಯುವವಳು, ಮದುವೆಯ ಬಿಳಿ ಗೌನು ಹೊಲಿಯುತ್ತಿದ್ದಳು. ಅವಳ ತಮ್ಮ ತಿಯಾತ್ರದಲ್ಲಿ, ಅಂದರೆ ಕೊಂಕಣಿ ನಾಟಕದಲ್ಲಿ, ಪಾತ್ರ ಮಾಡುವವನು. ನನ್ನ ಕಥೆ ಕೇಳಿ ಅವಳು ತಮ್ಮನಿಂದ ನಾಟಕದವರು ಹಚ್ಚುವ ದಟ್ಟ ಕಂದು ಬಣ್ಣದ ಒಂದು ಹೊಸ ಡಬ್ಬಿ ತರಿಸಿಕೊಟ್ಟಳು. ಅದನ್ನು ಹಾಗೇ ಹಚ್ಚಿದರೆ ಕತ್ತಲೆ, ಮಡಗಾಂವಿನ ಪೌಡರು ಹಚ್ಚಿದರೆ ಬೂದಿ. ಎರಡರ ನಡುವೆ ಎಲ್ಲೋ ನನ್ನ ಮಗಳು ಇದ್ದಳು.

ಮೊದಲು ನನ್ನ ಗದ್ದಕ್ಕೆ ಹಚ್ಚಿಕೊಂಡು ಒಂದು ದಿನ ಬಿಟ್ಟು ನೋಡಿದೆ, ತುರಿಕೆ ಬರಲಿಲ್ಲ. ಆಮೇಲೆ ಮಗಳನ್ನು ಅಂಗಡಿಯ ಬಾಗಿಲಲ್ಲಿ, ಹಗಲು ಬೆಳಕಿಗೆ, ಸ್ಟೂಲಿನ ಮೇಲೆ ಕೂರಿಸಿದೆ. ಪಿಂಗಾಣಿ ಬಶಿಯಲ್ಲಿ ಚಮಚದ ಹಿಂಬದಿಯಿಂದ ಅರೆದು ಕಲಸಿದೆ. ಒಂದು ಪಾಲಿಗೆ ಒಂದು, ಬೆಳ್ಳಗಾಯಿತು. ಎರಡಕ್ಕೆ ಒಂದು, ಕೆಂಪು ಹೊಡೆಯಿತು. ಪ್ರತಿ ಸಲವೂ ಗದ್ದದ ಕೆಳಗೆ, ಮುಖ ಮುಗಿದು ಕುತ್ತಿಗೆ ಶುರುವಾಗುವ ಕಡೆ, ಒಂದು ಪಟ್ಟಿ ಎಳೆದು ಕಾಯುತ್ತಿದ್ದೆ.

“ಹೊಂದ್ತಲ್ಲ ಅಪ್ಪಾ,” ಎನ್ನುತ್ತಿದ್ದಳು ಮಗಳು.

“ಸುಮ್ಮಕೂಡು. ಹಸೀ ಬಣ್ಣ ನಂಬಬಾರ್ದು. ಒಣಗಲಿ.”

ನಡುವೆ ಒಬ್ಬ ಗಿರಾಕಿ ಬಂದು ಸುಣ್ಣ ಕೇಳಿದ. ನಾಳೆ ಬಾ ಅಂದೆ. ಎದುರಿಗೇ ಚೀಲಗಳ ರಾಶಿ ಕಾಣಿಸುತ್ತಿತ್ತು, ಆತ ಅದನ್ನೂ ನೋಡಿ ನನ್ನನ್ನೂ ನೋಡಿ ಹೋದ. ಏಳು, ಎಂಟು, ಒಂಬತ್ತು ಕಲಸು ಆದವು. ಗೌನಿನ ಬಾಯಿ ಹೊಲಿಗೆ ಬಿಟ್ಟು ಬಂದು ನೋಡುತ್ತ ನಿಂತಳು. ಹನ್ನೊಂದನೆಯದನ್ನು ಹಚ್ಚಿ, ಒಣಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಪಟ್ಟಿ ಎಲ್ಲಿ ಎಳೆದಿದ್ದೆ ಎಂದು ನನಗೇ ಸಿಗಲಿಲ್ಲ.

ಪೂರ್ತಿ ಮುಖಕ್ಕೆ ಹಚ್ಚಿ ಕನ್ನಡಿ ಕೊಟ್ಟೆ. ಮಗಳು ಆ ಕಡೆ ಈ ಕಡೆ ತಿರುಗಿ ಬಹಳ ಹೊತ್ತು ನೋಡಿಕೊಂಡಳು. ಎಣ್ಣೆಯ ಹೊಳಪು ಹೋಗಿತ್ತು, ಮುಖ ಅವಳದೇ ಇತ್ತು.

“ಅಪ್ಪಾ,” ಅಂದಳು. “ಏನೂ ಹಚ್ಚಿಲ್ಲದಂಗ ಕಾಣತೈತಿ!” ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಆಗಸ್ಟಿನ ನಂತರ ಕನ್ನಡಿಯ ಮುಂದೆ ಅವಳು ನಕ್ಕಿದ್ದು ಅವತ್ತೇ.

ಗೌನಿನ ಬಾಯಿಗೆ ಮಾತ್ರ ತಡೆಯಲಾಗಲಿಲ್ಲ. ಯಜಮಾನರೇ ಎನ್ನುವುದಕ್ಕೆ ಅವರು ಪಾತ್ರಾಂವ್ ಎನ್ನುತ್ತಾರೆ. “ಪಾತ್ರಾಂವ್, ಮೂರು ಸಲ ಮಡಗಾಂವಿಗೆ ಹೋಗಿ, ಹನ್ನೊಂದು ಸಲ ಕಲಸಿ, ಕೊನೆಗೆ ದೇವರು ಮಾಡಿದ ಹಾಗೇ ಮಾಡಿದಿರಲ್ಲ!”

“ಅವನೂ ಮೊದಲನೇ ಕಲಸಿಗೇ ಮಾಡಿರಲಿಕ್ಕಿಲ್ಲ ಬಾಯಿ,” ಅಂದೆ.

೬. ಗ್ಯಾದರಿಂಗು

ಶನಿವಾರ ನಾಲ್ಕು ಗಂಟೆಗೆ ಶುರು. ಧಾರವಾಡದ ಬಸ್ಸು ಘಟ್ಟದಲ್ಲಿ ತಡ ಮಾಡಿತ್ತು, ನನ್ನ ಹೆಂಡತಿ ಮನೆಗೂ ಹೋಗದೆ ಟ್ರಂಕು ಹಿಡಿದುಕೊಂಡೇ ಶಾಲೆಯ ಪೆಂಡಾಲಿಗೆ ಬಂದು ನನ್ನ ಪಕ್ಕ ಕೂತಳು. ಆಚೆ ಮಗ್ಗುಲಲ್ಲಿ ಅವ್ವ. ಹೆಂಡತಿ ಟ್ರಂಕು ಇಳಿಸುವ ಮೊದಲೇ ನನ್ನ ಕಿವಿಯಲ್ಲಿ, “ಪತ್ರದ ಮಾತು ಆಮ್ಯಾಲ ಮಾತಾಡೂಣು,” ಅಂದಳು.

ಪರದೆ ಸರಿಯಿತು. ಮಗಳು ಮೈಕಿನ ಹತ್ತಿರ ಬಂದಳು. ಆ ದೊಡ್ಡ ಲೈಟು ನೇರ ಅವಳ ಮೇಲೆ ಬಿತ್ತು. ಮುಂದಿನ ಸಾಲುಗಳಲ್ಲಿ ಕೂತಿದ್ದವರು ಆಗಸ್ಟಿನಲ್ಲಿ ನಕ್ಕಿದ್ದ ಅದೇ ಹುಡುಗರು. ನಾನು ಅಂಗಿಯ ಚುಂಗು ಗಟ್ಟಿಯಾಗಿ ಹಿಡಿದುಕೊಂಡೆ. ಯಾರೂ ನಗಲಿಲ್ಲ. ಅವಳು ಒಂದು ಸಲ ಸಭೆಯನ್ನು ನೋಡಿ, ಕಾಗದ ಮಡಚಿಟ್ಟು, ಕೊಂಕಣಿಯಲ್ಲಿ ಮಾತಾಡಲು ಶುರು ಮಾಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಈ ಹುಡುಗಿ ಯಾರ ಮನೆಯವಳು ಎಂದು ಕೇಳಿದ್ದು ನನಗೆ ಕೇಳಿಸಿತು. ನನ್ನದು ಎಂದು ತಿರುಗಿ ಕೂಗಬೇಕು ಅನ್ನಿಸಿತು, ಹೆಂಡತಿ ಪಕ್ಕದಲ್ಲಿದ್ದಳೆಂದು ಸುಮ್ಮನಾದೆ.

ಖರೆ ಹೇಳಬೇಕೆಂದರೆ ಅವಳು ಏನು ಮಾತಾಡಿದಳು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಎರಡೂವರೆ ತಾಸು ನಾನು ಅವಳ ಗದ್ದದ ಅಂಚನ್ನೇ ನೋಡುತ್ತ ಕೂತಿದ್ದೆ. ಎಲ್ಲೂ ಜೋಡಿಸಿದ ಗೆರೆ ಕಾಣಲಿಲ್ಲ, ಎಲ್ಲೂ ಬಿರುಕು ಬಿಡಲಿಲ್ಲ. ಕೊನೆಗೆ ಸಿಸ್ಟರು ಸ್ಟೇಜಿಗೆ ಬಂದು ಅವಳ ಹೆಸರು ಹೇಳಿದಾಗ ಆ ಹುಡುಗರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣೂ ತುಂಬಿ ಬಂದಿದ್ದವು.

ಮಗಳು ಓಡುತ್ತ ನಮ್ಮ ಹತ್ತಿರ ಬಂದಳು. ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡು, ನನ್ನ ಕಡೆ ತಿರುಗಿ ಗೆದ್ದವಳ ಹಾಗೆ ಹೇಳಿದಳು. “ನೋಡಿದ್ರ್ಯಾ? ಏನೂ ಹಚ್ಚಬ್ಯಾಡ್ರಿ ಅಂತ ಬರದಿದ್ದೆ. ಜನ್ಮದಾಗ ಒಮ್ಮೆರೆ ನನ್ನ ಮಾತು ಕೇಳಿದ್ರಿ. ಏನೂ ಹಚ್ಚಲಾರದ ನನ್ನ ಮಗಳು ಹ್ಯಾಂಗ ಹೊಳ್ಯಾಕತ್ತಿದ್ಲು!”

ಮಡಗಾಂವು, ಸಿಸ್ಟರು, ಹನ್ನೊಂದು ಕಲಸು, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಬಾಯಿ ತೆರೆದೆ. ಮಗಳು ನನ್ನ ಕಾಲನ್ನು ಗಟ್ಟಿಯಾಗಿ ತುಳಿದು, “ಹೌದವ್ವಾ, ಏನೂ ಹಚ್ಚಿಲ್ಲ,” ಅಂದಳು. ಅವಳ ಕಣ್ಣಿನಲ್ಲಿ ಅಂಥ ಖುಷಿ ಇತ್ತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಬಣ್ಣದವನಿಗೂ ಸಿಗಲಾರದು ಎಂದುಕೊಂಡು ನಾನು ಬಾಯಿ ಮುಚ್ಚಿದೆ.

ಮಗಳಿಗೆ ದೃಷ್ಟಿ ಆದೀತು ಎಂದು ಹೆಂಡತಿ ಎರಡೂ ಅಂಗೈಯಿಂದ ಅವಳ ಗಲ್ಲ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ನೆಟಿಗೆ ಮುರಿದಳು. ಆಮೇಲೆ ಕೈ ಕೆಳಗಿಳಿಸಿದವಳು ತನ್ನ ಅಂಗೈಯನ್ನು ನೋಡಿದಳು. ಲೈಟಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಎರಡೂ ಅಂಗೈ ಕಂದು ಕಂದು.

ಅಷ್ಟೂ ಜನರ ನಡುವೆ, ಸಿಸ್ಟರೂ ಕೇಳುವ ಹಾಗೆ, ಅವಳು ನನ್ನ ಮೇಲೆ ಹರಿಹಾಯ್ದಳು. “ಏನ್ರೀ ಇದು? ಎರಡು ತಿಂಗಳು ನಾ ಮನ್ಯಾಗ ಇಲ್ಲಾಂದ್ರ, ಕೂಸಿನ ಮಾರಿ ಒಂದು ದಿನಾನೂ ತೊಳಸಾಕ ಆಗಲಿಲ್ಲೇನ್ರೀ ನಿಮಗ?”